ಕಲಬುರಗಿ ಬಿಸಿಲು ಸಾಲಲಿಲ್ಲ: ಪೆಟ್ ಫ್ಲೇಕ್ಸ್ ಒಣಗಿಸಿದ ನನ್ನ ಅನುಭವ

ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಕತ್ತರಿಸಿ ತೊಳೆದ ಪೆಟ್ ಪ್ಲಾಸ್ಟಿಕ್ ಬಾಟಲಿಯ ಚೂರುಗಳಿಂದ (ಫ್ಲೇಕ್ಸ್) ಸಾಮಾನು ಬಿಗಿದು ಕಟ್ಟುವ ಸ್ಟ್ರಾಪಿಂಗ್ ಪಟ್ಟಿ ಎಳೆಯಲು ಶುರು ಮಾಡಿದಾಗ ಎಲ್ಲರೂ ಹೇಳಿದ್ದು ಒಂದೇ: "ಇಂಥಾ ಬಿಸಿಲಿರುವಾಗ ಡ್ರೈಯರ್ ಯಾಕ್ರಿ? ಫರ್ಶಿ ಮ್ಯಾಲೆ ಹರವ್ರಿ, ಸಾಕು." ಮೇ ತಿಂಗಳ 42 ಡಿಗ್ರಿಯಲ್ಲಿ ಎರಡು ದಿನ ಹರವಿದೆವು. ಕೈಗೆ ಗರಿಗರಿ ಅನಿಸಿದ ಆ ಮಾಲಿನ ಪಟ್ಟಿ ಸೀಲ್ ಒತ್ತುವಾಗಲೇ ಉದ್ದುದ್ದ ಸೀಳಿತು. ಶಹಾಬಾದ್ ಕಲ್ಲು ಕಟ್ಟುವ ಗಿರಾಕಿ 600 ಕಿಲೋ ವಾಪಸ್ ಕಳಿಸಿದರು. ಕರೆಂಟು, ಕೂಲಿ ಸೇರಿ 50-60 ಸಾವಿರ ಹೋಯಿತು.

ಬಿಸಿಲಿಗೆ ಮೇಲಿನ ತೇವ ಹೋಗುತ್ತದೆ, ಒಳಗೆ ಶೇ. 0.1ರಷ್ಟಾದರೂ ಉಳಿಯುತ್ತದೆ. ಮಾಲು ಕರಗಿಸಿ ತಳ್ಳುವ ಯಂತ್ರದ (ಎಕ್ಸ್‌ಟ್ರೂಡರ್) 270 ಡಿಗ್ರಿಯ ಬ್ಯಾರಲ್‌ನಲ್ಲಿ ಆ ನೀರು ಪೆಟ್‌ನ ಉದ್ದ ಅಣು ಸರಪಳಿಯನ್ನು ಜೋಡಿಸಿರುವ ಎಸ್ಟರ್ ಕೊಂಡಿಗಳನ್ನೇ ಕತ್ತರಿಸುತ್ತದೆ. ಒಂದು ನೀರಿನ ಅಣುವಿಗೆ ಒಂದು ಕಡಿತ, ಅಂದರೆ 18 ಗ್ರಾಂ ನೀರಿಗೆ ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಕಡಿತ. ಸರಪಳಿಯ ಸರಾಸರಿ ಅಣುತೂಕ 25 ಸಾವಿರ ಹಿಡಿಯಿರಿ. ಕಿಲೋಗೆ 1 ಗ್ರಾಂ ನೀರಿದ್ದರೆ ಸರಪಳಿಯ ಉದ್ದ ಅರ್ಧಕ್ಕೂ ಕೆಳಗೆ ಬೀಳುತ್ತದೆ. ತೇವವನ್ನು 50 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಇಳಿಸದೆ ಗತಿಯಿಲ್ಲ. ಎರಡು ಗಾಜಿನ ಸ್ಲೈಡ್ ನಡುವೆ ಫ್ಲೇಕ್ ಕರಗಿಸಿ ಗುಳ್ಳೆ ನೋಡುವ ಪರೀಕ್ಷೆಯನ್ನು ಪೆಟ್‌ಗೆ ನಂಬಬೇಡಿ. ನೀರು ಆವಿಯಾಗುವ ಮೊದಲೇ ಕತ್ತರಿಸುವುದರಲ್ಲಿ ಖರ್ಚಾಗಿರುತ್ತದೆ, ಗುಳ್ಳೆ ಕಾಣುವುದಿಲ್ಲ. ನಾನು ನೋಡುವುದು ಎಕ್ಸ್‌ಟ್ರೂಡರ್ ಮೋಟಾರಿನ ಆಂಪ್ಸ್, ಅಂದರೆ ಅದು ಎಳೆಯುವ ಕರೆಂಟು. ಅದೇ ಆರ್‌ಪಿಎಂನಲ್ಲಿ ಆಂಪ್ಸ್ ಇಳಿದರೆ ಕರಗಿದ ಮಾಲು ತೆಳುವಾಗಿದೆ, ಅಂದರೆ ತೇವ ಉಳಿದಿದೆ.

ಹೊಸ ಡ್ರೈಯರ್‌ಗೆ 5 ಲಕ್ಷದ ಕೊಟೇಶನ್ ಬಂತು. ನಾವು 1.4 ಲಕ್ಷದ ಆಸುಪಾಸಿನಲ್ಲಿ ಕಟ್ಟಿದೆವು.

ಮೊದಲ ಪೆಟ್ಟು ಬಿದ್ದದ್ದು ಹಸಿ ಫ್ಲೇಕ್ಸನ್ನು ನೇರವಾಗಿ 160 ಡಿಗ್ರಿಯ ಹಾಪರ್‌ಗೆ (ಮಾಲು ತುಂಬುವ ಡಬ್ಬಿ) ಸುರಿದಾಗ. 80 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗಿ ಒಂದಕ್ಕೊಂದು ಅಂಟಿ 90 ಕಿಲೋ ಬಂಡೆಯಾಯಿತು, ಉಳಿಯಿಂದ ಒಡೆದು ತೆಗೆದೆವು. ಈಗ ಮೊದಲು ಅಡ್ಡ ಡ್ರಮ್ಮಿನಲ್ಲಿ 140-150 ಡಿಗ್ರಿಗೆ ಒಂದು ಗಂಟೆ, ಕಲಕುವ ರೆಕ್ಕೆ ಒಂದು ಕ್ಷಣವೂ ನಿಲ್ಲಬಾರದು. ಬಿಳಿಯಾಗಿ ಗಟ್ಟಿಯಾದ ಮೇಲೆ ಅಂಟುವುದಿಲ್ಲ. ಹಿಂದಿನ ಬ್ಯಾಚಿನ ಬಿಳಿ ಮಾಲನ್ನು ಸ್ವಲ್ಪ ಬೆರೆಸಿದರೆ ಅಂಟು ಇನ್ನೂ ಕಡಿಮೆ. ಎಷ್ಟು ಬೆರೆಸಬೇಕು ಎಂಬುದು ನಮ್ಮಲ್ಲೇ ಇರಲಿ. ಕರೆಂಟ್ ಹೋದಾಗ ತಿರುಗಿಸಲು ಶಾಫ್ಟಿಗೆ ಕೈಹಿಡಿ ಬೇಕೇ ಬೇಕು.

ಆಮೇಲೆ 700 ಲೀಟರ್ ಸ್ಟೀಲ್ ಹಾಪರ್, 165 ಡಿಗ್ರಿ, 5 ಗಂಟೆ. ಗಂಟೆಗೆ 40 ಕಿಲೋ ಎಳೆಯಲು ಸುಮಾರು 140 ಘನ ಮೀಟರ್ ಒಣ ಗಾಳಿ ಕೆಳಗಿನಿಂದ ಮೇಲೆ. ಬಿಸಿ ಗಾಳಿ ಒಂದೇ ಸಾಲದು, ಅದು ಒಣಗಿರಬೇಕು. ಮಳೆಗಾಲದಲ್ಲಿ ಹೊರಗಿನ ಗಾಳಿಯನ್ನೇ ಕಾಯಿಸಿ ಬಿಟ್ಟು ಒಂದು ತಿಂಗಳು ಕಳೆದುಕೊಂಡೆವು. ನಂತರ ಗಾಳಿಯ ತೇವ ಹೀರುವ ಹರಳು (ಮಾಲಿಕ್ಯುಲರ್ ಸೀವ್) ತುಂಬಿದ ಎರಡು ಸಿಲಿಂಡರ್ ಇಟ್ಟೆವು. ಒಂದು ಕೆಲಸದಲ್ಲಿದ್ದಾಗ ಇನ್ನೊಂದನ್ನು 230 ಡಿಗ್ರಿಗೆ ಕಾಯಿಸಿ ನೀರು ಓಡಿಸುವುದು, 4 ಗಂಟೆಗೊಮ್ಮೆ ಅದಲು ಬದಲು. ಆದರೂ ಪಟ್ಟಿ ಸೀಳುತ್ತಿತ್ತು. ಹಾಪರ್‌ನಿಂದ ಸೀವ್‌ಗೆ ವಾಪಸ್ ಬರುವ ಗಾಳಿ 100 ಡಿಗ್ರಿ ಮೇಲಿತ್ತು, ಅಷ್ಟು ಬಿಸಿಯಲ್ಲಿ ಸೀವ್ ನೀರನ್ನು ಸರಿಯಾಗಿ ಹಿಡಿಯುವುದಿಲ್ಲ. ನಡುವೆ ನೀರು ಹರಿಯುವ ಕೊಳವೆ ಸುರುಳಿ (ಕಾಯಿಲ್) ಕೂರಿಸಿ ಗಾಳಿಯನ್ನು 50ಕ್ಕೆ ಇಳಿಸಿದ ದಿನವೇ ಆಂಪ್ಸ್ ಏರಿತು!

ಫ್ಲೇಕ್ಸ್ ತೊಳೆಯಲು ಬಳಸಿದ ಕಾಸ್ಟಿಕ್ ಸೋಡಾ ಉಳಿದರೂ ಇದೇ ಹಾನಿ, ಕಡಿತ ಜೋರಾಗುತ್ತದೆ. ಕಾಸ್ಟಿಕ್ ಉಳಿದಿದೆಯೇ ನೋಡಲು ಕೊನೆಯ ಜಾಲಾಟದ ನೀರಿಗೆ ಪಿಎಚ್ ಕಾಗದ ಹಾಕಿ. ಪಿವಿಸಿ ಎಂಬ ಬೇರೆ ಪ್ಲಾಸ್ಟಿಕ್ಕಿನ ಲೇಬಲ್ ಚೂರು ಇನ್ನೂ ಕೆಟ್ಟದ್ದು. ನೀರಿನಲ್ಲಿ ಪೆಟ್ ಜೊತೆಗೇ ಮುಳುಗುತ್ತದೆ, ಬ್ಯಾರಲ್‌ನಲ್ಲಿ ಆಮ್ಲ ಬಿಡುತ್ತದೆ. ಒಂದು ಹಿಡಿ ಮಾಲನ್ನು 220 ಡಿಗ್ರಿ ಓವನ್ನಿನಲ್ಲಿ ಇಟ್ಟರೆ ಪಿವಿಸಿ ಚೂರುಗಳು ಕಂದಾಗಿ ಎದ್ದು ಕಾಣುತ್ತವೆ. ಕಿಟಕಿ ತೆರೆದಿಡಿ.

ಕುತೂಹಲಕ್ಕೆ ಪಟ್ಟಿಯ ತುಂಡುಗಳನ್ನು ಹಳೆಯ ಕುಕ್ಕರಿನಲ್ಲಿ ದಿನಕ್ಕೆ 8 ಗಂಟೆಯಂತೆ ಒಂದು ವಾರ ಬೇಯಿಸಿದೆ. ತೂಕ ಅಷ್ಟೇ ಇತ್ತು, ಬಗ್ಗಿಸಿದರೆ ಪಟ್ ಅಂತ ಮುರಿಯಿತು. ಸ್ಟೀಲ್ ಪಾತ್ರೆಯ ಬಿಸಿ ಕಾಸ್ಟಿಕ್‌ನಲ್ಲಿ ಇಟ್ಟ ತುಂಡು ತೂಕ ಕಳೆದುಕೊಂಡು ತೆಳುವಾಯಿತು, ಉಳಿದದ್ದು ಮಾತ್ರ ಬಳುಕುತ್ತಲೇ ಇತ್ತು. ಬಿಸಿ ನೀರು ಒಳಗೆಲ್ಲ ಕತ್ತರಿಸುತ್ತದೆ, ಕಾಸ್ಟಿಕ್ ಮೇಲ್ಮೈಯಿಂದ ತಿನ್ನುತ್ತದೆ. ಅಲ್ಯೂಮಿನಿಯಂ ಕುಕ್ಕರಿಗೆ ಕಾಸ್ಟಿಕ್ ಹಾಕಬೇಡಿ, ಪಾತ್ರೆಯೇ ಕರಗಿ ಹೈಡ್ರೋಜನ್ ಏಳುತ್ತದೆ.

ಕಳೆದ ಎರಡು ಮಳೆಗಾಲ ಒಂದು ರೋಲೂ ವಾಪಸ್ ಬಂದಿಲ್ಲ. ಫರ್ಶಿ ಮೇಲೆ ಹರವಲು ಹೇಳಿದವರಲ್ಲಿ ಇಬ್ಬರು ಬಂದು ಕಾಯಿಲಿನ ಅಳತೆ ತೆಗೆದುಕೊಂಡು ಹೋದರು. ಹಾಪರ್ ಮತ್ತು ಎಕ್ಸ್‌ಟ್ರೂಡರ್ ನಡುವಿನ ಕೊರಳನ್ನೂ ಮುಚ್ಚಲು ಅವರಿಗೆ ಹೇಳಿದ್ದೇನೆ. ಒಣಗಿದ ಮಾಲು ತೆರೆದ ಗಾಳಿಯಲ್ಲಿ ಕಾಲು ಗಂಟೆ ಇದ್ದರೂ ಮತ್ತೆ ತೇವ ಹೀರುತ್ತದೆ.