ಮಂಜು ಬೀಳುವ ಮೊದಲು ಸೊಪ್ಪು ಕೂಡಿಡಿ: ಚಿಕಾಗೊ ಕಡೆಗೆ ಹೊಸದಾಗಿ ಬಂದವರಿಗೆ

ಚಿಕಾಗೊ ಸುತ್ತಮುತ್ತ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಮಂಜು ಹೆಪ್ಪುಗಟ್ಟಿತೆಂದರೆ ಸಾಕು, ಬೆಳಗಾಗುವಷ್ಟರಲ್ಲಿ ತುಳಸಿ ಕಪ್ಪಾಗಿ, ದೊಡ್ಡಪತ್ರೆ ಜೋತು ಬಿದ್ದಿರುತ್ತದೆ. ಒಗ್ಗರಣೆ ಚಟಪಟ ಎನ್ನುವಾಗ ಹಿತ್ತಿಲಿಗೆ ಹೋಗಿ ಕರಿಬೇವು ಕಿತ್ತು ತರುವ ಅಭ್ಯಾಸ ನಮ್ಮದು. ಸೊಪ್ಪನ್ನು ಕೂಡಿಡುವ ಯೋಚನೆಯೇ ಊರಿನಲ್ಲಿ ಬರುವುದಿಲ್ಲ. ಇಲ್ಲಿ ಬರಬೇಕು, ಅದೂ ಆಗಸ್ಟ್‌ನಲ್ಲೇ.

ಊರಿನಿಂದ ಹಸಿ ಕರಿಬೇವು ತರುವಂತಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನೇ ಹಾಳುಮಾಡಿತು. ಉಳಿದಂತೆ ತಂದದ್ದನ್ನೆಲ್ಲ ಕಸ್ಟಮ್ಸ್‌ನವರಿಗೆ ತಿಳಿಸಿಬಿಡಿ.

ಇನ್ನು ಒಣಗಿಸುವ ವಿಷಯ. ಸಂಡಿಗೆ, ಮೆಣಸಿನಕಾಯಿ ಒಣಗಿಸಿದ ರೂಢಿಯಲ್ಲಿ ನಮ್ಮವರು ಪುದೀನವನ್ನೂ ಸುಡುಬಿಸಿಲಿಗೆ ಹರವುತ್ತಾರೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೊಪ್ಪಿನ ಪರಿಮಳವಿರುವುದು ಬಿಸಿಗೆ ಹಾರಿಹೋಗುವ ಎಣ್ಣೆಯಲ್ಲಿ. ಬಿಸಿಲಿಗಿಟ್ಟರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಓವನ್ ಇನ್ನೂ ಕೆಟ್ಟದ್ದು. ಸೊಪ್ಪಿಗೆ ಬೇಕಾದದ್ದು 95ರಿಂದ 115 ಡಿಗ್ರಿ ಫ್ಯಾರನ್‌ಹೀಟ್ ಬಿಸಿ. ಇಲ್ಲಿನ ಬಹಳಷ್ಟು ಓವನ್‌ಗಳು 170ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಪುದೀನ, ಮೆಂತ್ಯ ಎರಡೂ ನೆರಳಿನಲ್ಲಿ ಚೆನ್ನಾಗಿ ಒಣಗುತ್ತವೆ. ಇಬ್ಬನಿ ಆರಿದ ಮೇಲೆ, ಹೂ ಬಿಡುವ ಮೊದಲೇ ಕೊಯ್ಯಿರಿ. ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಆರಿಸಿ, ಸಣ್ಣ ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ತೂಗುಹಾಕಿ. ಕಟ್ಟು ದಪ್ಪವಾದರೆ ನಡುವೆ ಬೂಷ್ಟು ಹಿಡಿಯುತ್ತದೆ. ಇಲ್ಲಿನ ನೆಲಮಾಳಿಗೆಗಳು ಬೇಸಿಗೆಯಲ್ಲಿ ತೇವವಾಗಿರುತ್ತವೆ, ಗಾಳಿಯಾಡುವ ಮೇಲಿನ ಕೋಣೆಯೇ ವಾಸಿ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಗರಿಗರಿಯಾಗಿ ಉದುರಬೇಕು, ಕಡ್ಡಿ ಲಟಕ್ಕನೆ ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ನೀರಿದೆ. ಗಾಜಿನ ಬಾಟಲಿಗೆ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಟ್ಟಿದ್ದರೆ ತೆಗೆದು ಮತ್ತೆ ಒಣಗಿಸಿ. ಈ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಕೊತ್ತಂಬರಿಯನ್ನು ಒಣಗಿಸಲೇಬೇಡಿ, ಹುಲ್ಲಿನ ರುಚಿಯಷ್ಟೇ ಉಳಿಯುತ್ತದೆ. ಹೆಚ್ಚಿ ಫ್ರೀಜರ್‌ಗೆ ಹಾಕಿ. ದೊಡ್ಡಪತ್ರೆಯ ರಸತುಂಬಿದ ಎಲೆ ಒಣಗುವ ಮೊದಲೇ ಕೊಳೆಯುತ್ತದೆ. ಅದನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ರುಬ್ಬಿ, ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿಡಿ. ಜನವರಿಯಲ್ಲಿ ತೆಂಗಿನಕಾಯಿ, ಮಜ್ಜಿಗೆ ಸೇರಿಸಿದರೆ ತಂಬುಳಿ ಸಿದ್ಧ. ಕರಿಬೇವಿನ ಕುಂಡವನ್ನು ರಾತ್ರಿಯ ತಾಪ 50 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ತನ್ನಿ. ಚಳಿಗಾಲದಲ್ಲಿ ಎಲೆ ಉದುರಿತೆಂದು ಗಾಬರಿಯಾಗಿ ನೀರು ಸುರಿಯಬೇಡಿ, ಬೇರು ಕೊಳೆಯುತ್ತದೆ. ಸವರಿದ ಎಲೆಯಲ್ಲಿ ಒಗ್ಗರಣೆಗೆ ಬೇಕಾದಷ್ಟನ್ನು ಫ್ರೀಜರ್‌ನಲ್ಲಿಟ್ಟು, ಉಳಿದದ್ದನ್ನು ಒಣಗಿಸಿ ಚಟ್ನಿಪುಡಿ ಮಾಡಿ.

ಹಸಿ ಸೊಪ್ಪನ್ನಾಗಲಿ ಬೆಳ್ಳುಳ್ಳಿಯನ್ನಾಗಲಿ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಡಲೇಬೇಡಿ. ಗಾಳಿಯಿಲ್ಲದ ಆ ಎಣ್ಣೆಯಲ್ಲಿ ಬೊಟುಲಿಸಂ ವಿಷ ಹುಟ್ಟಬಹುದು. ವಾಸನೆಯಿಂದ ಗೊತ್ತಾಗುವುದಿಲ್ಲ, ಪ್ರಾಣಕ್ಕೇ ಅಪಾಯ.

ಈ ಕೆಲಸಕ್ಕೆಲ್ಲ ಮಕ್ಕಳನ್ನು ಕರೆಯಿರಿ. ಕನ್ನಡ ತರಗತಿಗೆ ಕಳಿಸಿದರೆ ಅಕ್ಷರ ಬರುತ್ತದೆ, ಒಳ್ಳೆಯದೇ. ಆದರೆ ಮೆಂತ್ಯ ಬಿಡಿಸುತ್ತಾ ಕೂತಾಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ. ಅಜ್ಜಿಯ ಮನೆಯಲ್ಲೂ ಈ ಗಿಡ ಇತ್ತಾ ಎಂದು ನನ್ನ ಮಗಳು ಕೇಳಿದ್ದಳು. ಇತ್ತು. ಈಗ ಆ ಹಿತ್ತಿಲು ಕಾರು ನಿಲ್ಲಿಸುವ ಸಿಮೆಂಟು ಜಾಗವಾಗಿದೆ. ದೊಡ್ಡಪತ್ರೆಯ ಘಮ ಅವಳಿಗೆ ಗೊತ್ತಾದದ್ದು ಇಲಿನಾಯ್‌ನ ಕುಂಡದಿಂದಲೇ. ಅದಕ್ಕೆ ದುಃಖಪಡಬೇಕೋ ಸಮಾಧಾನಪಡಬೇಕೋ ನನಗಿನ್ನೂ ತಿಳಿದಿಲ್ಲ.

ಬಾಟಲಿಗಳನ್ನು ಒಲೆಯಿಂದ ದೂರ, ಕತ್ತಲೆಯ ಕಪಾಟಿನಲ್ಲಿಡಿ. ಎಲೆ ಇಡಿಯಾಗಿಯೇ ಇರಲಿ, ಬಳಸುವಾಗ ಪುಡಿ ಮಾಡಿ. ಹಸಿ ಸೊಪ್ಪಿನ ಮೂರನೇ ಒಂದು ಪಾಲು ಸಾಕು. ದೊಡ್ಡಪತ್ರೆ ಇಲ್ಲಿನ ನರ್ಸರಿಗಳಲ್ಲಿ ಕ್ಯೂಬನ್ ಒರೆಗಾನೊ ಎಂಬ ಹೆಸರಿನಲ್ಲಿ ಸಿಗುತ್ತದೆ. ಆದರೆ ದುಡ್ಡು ಕೊಡಬೇಡಿ, ಹತ್ತಿರದ ಯಾವುದೇ ಕನ್ನಡಿಗರ ಮನೆಯಲ್ಲಿ ಒಂದು ಕಡ್ಡಿ ಕೇಳಿ. ನೀರಿನಲ್ಲಿಟ್ಟರೂ ಬೇರು ಬಿಡುತ್ತದೆ.