ಬೀದಿ ಮೂಲೆಯ ಕಸದ ರಾಶಿ ಮತ್ತೆ ಬೆಳೆಯದಂತೆ ಮಾಡುವುದು ಹೇಗೆ?

ಕಸದ ರಾಶಿ ಎತ್ತುವುದು ಕಷ್ಟವಲ್ಲ. ಬೀದಿಯ ಹತ್ತು ಜನ ಸೇರಿದರೆ ಭಾನುವಾರ ತಿಂಡಿ ಹೊತ್ತಿಗೆ ಮುಗಿಯುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೊ ಬೀಳುತ್ತದೆ, ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಬುಧವಾರಕ್ಕೆ ಅದೇ ಮೂಲೆಯಲ್ಲಿ ನಾಲ್ಕು ಕವರ್, ಒಂದು ಹರಿದ ದಿಂಬು. ಮುಂದಿನ ಭಾನುವಾರ ಕರೆದರೆ ಯಾರೂ ಬರುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ಮೂಲೆಗೆ ‘ಬ್ಲ್ಯಾಕ್ ಸ್ಪಾಟ್’ ಅನ್ನುತ್ತಾರೆ. ಎಷ್ಟೋ ಕಡೆ ಅಲ್ಲಿ ಹಿಂದೆ ಪಾಲಿಕೆಯ ತೊಟ್ಟಿಯೇ ಇತ್ತು. ಆಮೇಲೆ ಮನೆ ಬಾಗಿಲಿಗೇ ಬಂದು ಕಸ ಒಯ್ಯುವ ಪದ್ಧತಿ ಶುರುವಾಯಿತು, ತೊಟ್ಟಿಗಳು ಹೋದವು. ಜನ ಆ ಜಾಗವನ್ನು ಮಾತ್ರ ಮರೆಯಲಿಲ್ಲ. ಹಾಗಾಗಿ ಸಲಿಕೆ ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಮನೆ ಮುಂದೆಯೇ ಗಾಡಿ ಬರುವಾಗ ಇವರು ಇಲ್ಲಿಯ ತನಕ ಯಾಕೆ ತಂದು ಹಾಕುತ್ತಿದ್ದಾರೆ? ಅದು ಗೊತ್ತಾಗದೆ ಎತ್ತಿದ ರಾಶಿ ವಾಪಸ್ ಬಂದೇ ಬರುತ್ತದೆ.

1. ಒಂದು ವಾರ ಸುಮ್ನೆ ನೋಡಿ

ರಾಶಿಯನ್ನು ಮುಟ್ಟಬೇಡಿ, ಬೋರ್ಡ್ ಹಾಕಬೇಡಿ. ಮೂರು ಹೊತ್ತು ಗಮನಿಸಿದರೆ ಸಾಕು: ಬೆಳಗ್ಗೆ ವಾಕಿಂಗ್ ಸಮಯ, ಆಫೀಸಿಗೆ ಹೊರಡುವ ಗಡಿಬಿಡಿ, ರಾತ್ರಿ ಅಂಗಡಿಗಳು ಬಾಗಿಲು ಹಾಕುವ ಹೊತ್ತು. ಸ್ಕೂಟರ್ ನಿಲ್ಲಿಸದೆ ಕವರ್ ಎಸೆದು ಹೋಗುವವರು ಯಾವ ಕಡೆಯಿಂದ ಬರುತ್ತಾರೆ ಎಂಬುದೂ ಮುಖ್ಯ. ಅವರಲ್ಲಿ ಕೆಲವರು ನಿಮ್ಮ ಬೀದಿಯವರೇ ಆಗಿರುವುದಿಲ್ಲ.

ಕೈಗವಸು ಹಾಕಿಕೊಂಡು ಒಂದೆರಡು ಚೀಲ ಬಿಚ್ಚಿ ನೋಡಿ. ಅಸಹ್ಯ ಅನ್ನಿಸಬಹುದು, ಆದರೆ ಕಸ ತನ್ನ ಮಾಲೀಕರ ವಿಳಾಸವನ್ನು ತಾನೇ ಹೇಳುತ್ತದೆ. ಪೇಪರ್ ಲೋಟ, ಟೀ ಚರಟ ಇದ್ದರೆ ಟೀ ಅಂಗಡಿ. ಬಟ್ಟೆ ಚೂರು, ದಾರ ಇದ್ದರೆ ಟೈಲರ್. ಕೂದಲಿದ್ದರೆ ಸಲೂನ್. ಒಂದೇ ಥರದ ಊಟದ ಪಾರ್ಸೆಲ್ ಡಬ್ಬಿಗಳು ರಾಶಿ ರಾಶಿ ಇದ್ದರೆ ಹತ್ತಿರದ ಪಿ.ಜಿ. ಕಡೆ ನೋಡಿ. ತರಕಾರಿ ಸಿಪ್ಪೆ, ಡಯಾಪರ್, ಹಾಲಿನ ಕವರ್ ಎಲ್ಲಾ ಒಂದೇ ಚೀಲದಲ್ಲಿದ್ದರೆ ಮನೆಯದ್ದು.

ಯಾರ ಫೋಟೊವನ್ನೂ ತೆಗೆಯಬೇಡಿ, ಜಗಳಕ್ಕೂ ಹೋಗಬೇಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

2. ಪೌರಕಾರ್ಮಿಕರನ್ನು ಕೇಳಿ

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸೀದಾ ಅಧಿಕಾರಿಗೆ ದೂರು ಬರೆಯುತ್ತಾರೆ. ಆದರೆ ಆ ಮೂಲೆಯ ಕಥೆ ಪೂರ್ತಿ ಗೊತ್ತಿರುವುದು ದಿನಾ ಅಲ್ಲಿ ಗುಡಿಸುವ ಅಕ್ಕನಿಗೆ. ಬೆಳಗ್ಗೆ ಅವರು ಸ್ವಲ್ಪ ಕೂರುವ ಹೊತ್ತಿಗೆ ಹೋಗಿ, ಟೀ ಕುಡಿಯುತ್ತಾ ಮಾತಾಡಿಸಿ. ‘ಅಕ್ಕಾ, ಇಲ್ಲಿ ಯಾರು ತಂದು ಹಾಕ್ತಾರೆ?’ ಅಂದರೆ ಮನೆ ನಂಬರ್ ಸಮೇತ ಹೇಳುತ್ತಾರೆ.

ಕೆಲವೊಮ್ಮೆ ಇನ್ನೊಂದು ವಿಷಯವೂ ಹೊರಗೆ ಬರುತ್ತದೆ. ಗುಡಿಸಿದ ಕಸವನ್ನು ಗಾಡಿ ಬರುವ ತನಕ ಅವರೇ ಆ ಮೂಲೆಯಲ್ಲಿ ಗುಡ್ಡೆ ಹಾಕುತ್ತಿರುತ್ತಾರೆ, ಏಕೆಂದರೆ ಬೇರೆ ಜಾಗ ಇಲ್ಲ. ಗಾಡಿ ತಡವಾದ ದಿನ ಆ ಗುಡ್ಡೆ ಕಂಡ ಉಳಿದವರು ತಮ್ಮದನ್ನೂ ಸೇರಿಸುತ್ತಾರೆ. ಇಲ್ಲಿ ಜನರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಪೌರಕಾರ್ಮಿಕರ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಜೊತೆ ಕೂತು ಗಾಡಿಯ ಸಮಯ ಸರಿಮಾಡಿಸಬೇಕು, ಅಥವಾ ಗುಡಿಸಿದ್ದನ್ನು ಚೀಲಕ್ಕೆ ತುಂಬಿ ಮರೆಯಲ್ಲಿಡಲು ಒಂದು ಜಾಗ ತೋರಿಸಬೇಕು.

ಮನೆ ಮನೆಯ ಕಸ ಒಯ್ಯುವ ಆಟೋ ಟಿಪ್ಪರ್‌ನವರ ಕಷ್ಟವನ್ನೂ ಒಮ್ಮೆ ಲೆಕ್ಕ ಹಾಕಿ. ಸುಮಾರು 750 ಮನೆಗೆ ಒಂದು ಗಾಡಿ ಎಂಬುದು ಬೆಂಗಳೂರಿನ ಲೆಕ್ಕ. ಐದು ಗಂಟೆ ಸುತ್ತಿದರೂ ಒಂದು ಮನೆಗೆ ಅರ್ಧ ನಿಮಿಷವೂ ಸಿಗುವುದಿಲ್ಲ. ನೀವು ಮೂರನೇ ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಗಾಡಿ ಮುಂದಿನ ಕ್ರಾಸ್‌ನಲ್ಲಿರುತ್ತದೆ. ಆಗ ಕೈಯಲ್ಲಿ ಬಕೆಟ್, ಎದುರಿಗೆ ಆ ಮೂಲೆ.

3. ಒಂದೊಂದು ಕಾರಣಕ್ಕೆ ಒಂದೊಂದು ದಾರಿ

ಇದೇ ದೊಡ್ಡ ಕೆಲಸ. ಆತುರ ಬೇಡ.

*ಗಾಡಿ ತಪ್ಪಿಸಿಕೊಳ್ಳುವವರು.* ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು, ರಾತ್ರಿ ಪಾಳಿಯವರು, ಒಬ್ಬರೇ ಇರುವ ಹಿರಿಯರು. ಇವರಿಗೆ ಉಪದೇಶ ಬೇಡ, ಅಕ್ಕಪಕ್ಕದವರ ಸಹಾಯ ಬೇಕು. ಎರಡು ಮೂರು ಮನೆಗೆ ಒಬ್ಬರಂತೆ, ಹಗಲು ಮನೆಯಲ್ಲಿರುವ ಯಾರಾದರೂ ಅವರ ಬಕೆಟ್ ಕೊಡಲು ಒಪ್ಪಿದರೆ ಸಾಕು. ಮುಚ್ಚಳವಿರುವ ಬಕೆಟ್ಟನ್ನು ಗೇಟಿನ ಒಳಗೆ ಇಟ್ಟು ಹೋಗಲಿ. ಮುಚ್ಚಳ ಇಲ್ಲದಿದ್ದರೆ ನಾಯಿ ಬಿಡುವುದಿಲ್ಲ.

*ಬೇರೆ ಮಾಡದೆ ಕೊಡುವವರು.* ಎಲ್ಲಾ ಒಂದೇ ಕವರಿನಲ್ಲಿ ತಂದರೆ ಗಾಡಿಯವರು ತೆಗೆದುಕೊಳ್ಳುವುದಿಲ್ಲ. ವಾಪಸ್ ಕೊಟ್ಟ ಕವರ್ ಮನೆಗೆ ಹೋಗುವುದಿಲ್ಲ, ಮೂಲೆಗೆ ಹೋಗುತ್ತದೆ. ‘ಎರಡು ಬಕೆಟ್, ಒಂದು ಚೀಲ’ ಎಂಬ ಕ್ರಮವನ್ನು ಬೆಂಗಳೂರಿಗೆ ಹೈಕೋರ್ಟ್ ಹೇಳಿದ್ದು 2015ರ ಡಿಸೆಂಬರಿನಲ್ಲಿ. ಹಸಿರು ಬಕೆಟ್‌ಗೆ ಅಡುಗೆಮನೆಯ ಹಸಿ ಕಸ. ಕೆಂಪು ಬಕೆಟ್‌ಗೆ ಡಯಾಪರ್, ಪ್ಯಾಡ್, ಬ್ಯಾಂಡೇಜ್. ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಗಾಜು, ಲೋಹದಂಥ ಒಣ ಕಸ. ಇಷ್ಟು ವರ್ಷವಾದರೂ ಕೆಲವು ಗೊಂದಲ ಹೋಗಿಲ್ಲ. ಪ್ಯಾಡ್, ಡಯಾಪರ್‌ಗಳನ್ನು ಹಳೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಚುಕ್ಕೆ ಇಡಿ. ವಿಂಗಡಿಸುವವರು ಅದನ್ನು ಬಿಚ್ಚುವುದು ತಪ್ಪುತ್ತದೆ. ಹಾಲಿನ ಕವರ್ ತೊಳೆದು ಒಣಗಿಸಿ. ಮೂಲೆ ಕತ್ತರಿಸುವಾಗ ಆ ಚೂರು ಕವರಿಗೇ ಅಂಟಿಕೊಂಡಿರಲಿ, ಬೇರೆಯಾದರೆ ಅದು ಚರಂಡಿ ಸೇರುತ್ತದೆ. ಪೇಪರ್ ಲೋಟದ ಒಳಗೂ ತೆಳ್ಳಗಿನ ಪ್ಲಾಸ್ಟಿಕ್ ಇರುತ್ತದೆ, ಅದನ್ನು ಹಸಿ ಕಸಕ್ಕೆ ಹಾಕಬೇಡಿ.

‘ನಾವು ಬೇರೆ ಮಾಡಿ ಕೊಟ್ಟರೂ ಅವರು ಒಂದೇ ಗಾಡಿಗೆ ಸುರೀತಾರೆ’ ಎಂಬ ಮಾತು ಎಲ್ಲಾ ಬೀದಿಯಲ್ಲೂ ಬರುತ್ತದೆ. ಕೆಲವು ಕಡೆ ಅದು ನಿಜವೇ. ಹಾಗಾದರೆ ಅದನ್ನು ನೆಪ ಮಾಡಿಕೊಳ್ಳದೆ, ದಿನಾಂಕ ಬರೆದುಕೊಂಡು ಮೇಸ್ತ್ರಿಗೆ ತೋರಿಸಿ. ಒಣ ಕಸವನ್ನು ನೇರವಾಗಿ ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೂ ಕೊಡಬಹುದು. ಇಂಥ ಹಲವು ಕೇಂದ್ರಗಳನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ‘ಹಸಿರು ದಳ’ದಂಥ ಸಂಸ್ಥೆಗಳು ಅವರ ಜೊತೆ ನಿಂತಿವೆ.

ಯಾಕಿಷ್ಟು ಹಟ ಅಂತ ಕೇಳಿದರೆ ಮೂರು ಊರಿನ ಹೆಸರು ಹೇಳಿ. ಮಾವಳ್ಳಿಪುರ, ಮಂಡೂರು, ಮಂದಾರ. ಬೆಂಗಳೂರಿನ ಕಸ ಸುರಿಸಿಕೊಂಡ ಮಾವಳ್ಳಿಪುರದ ಜನ ಎದ್ದು ನಿಂತ ಮೇಲೆ 2012ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ಮಂಡೂರಿನವರೂ ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರದ ಅಡಿಕೆ ತೋಟಗಳ ಮೇಲೆ ಹರಿಯಿತು. ಹಸಿ ಕಸವೂ ಪ್ಲಾಸ್ಟಿಕ್ಕೂ ಕಲೆತು ಹೋದರೆ ಗೊಬ್ಬರವೂ ಆಗುವುದಿಲ್ಲ, ಗುಜರಿಗೂ ಬಾರದು. ಕೊನೆಗೆ ಇನ್ಯಾರದ್ದೋ ಊರಿನ ಮೇಲೆ ಬೀಳುತ್ತದೆ.

*ಅಂಗಡಿ, ಪಿ.ಜಿ., ಹೋಟೆಲ್.* ಒಬ್ಬರೇ ಹೋಗಬೇಡಿ, ಮೂರು ನಾಲ್ಕು ಗಿರಾಕಿಗಳು ಸೇರಿ ಹೋಗಿ. ಟೀ ಅಂಗಡಿಯ ಅಣ್ಣನಿಗೆ ಗಾಜಿನ ಅಥವಾ ಸ್ಟೀಲ್ ಲೋಟದಲ್ಲೇ ಕೊಡಲು ಕೇಳಿ. ಅರ್ಧ ಕಸ ಅಲ್ಲೇ ಹೋಯಿತು. ದಿನಕ್ಕೆ 100 ಕಿಲೊಗಿಂತ ಜಾಸ್ತಿ ಕಸ ಮಾಡುವವರನ್ನು ಘನತ್ಯಾಜ್ಯ ನಿಯಮಗಳು ಭಾರಿ ಉತ್ಪಾದಕರ ಪಟ್ಟಿಗೆ ಸೇರಿಸಿವೆ. ಅವರು ತಮ್ಮ ಕಸಕ್ಕೆ ತಾವೇ ವ್ಯವಸ್ಥೆ ಮಾಡಿಕೊಳ್ಳಬೇಕು. ದೊಡ್ಡ ಹೋಟೆಲಿನವರಿಗೆ ಇದನ್ನು ನೆನಪಿಸಿದರೆ ತಪ್ಪಿಲ್ಲ.

*ಒಣ ಎಲೆ.* ಮರಗಳಿರುವ ಬೀದಿಯಲ್ಲಿ ರಾಶಿಯ ದೊಡ್ಡ ಪಾಲು ಇದೇ. ಕೊನೆಗೆ ಯಾರೋ ಬೆಂಕಿ ಹಚ್ಚುತ್ತಾರೆ, ಬೀದಿಯೆಲ್ಲ ಹೊಗೆ. ಇದಕ್ಕೆ ಪಾರ್ಕಿನ ಮೂಲೆಯಲ್ಲೊಂದು ಎಲೆಗೂಡು ಮಾಡಿ. ಕೋಳಿಗೂಡಿಗೆ ಬಳಸುವ ತಂತಿ ಬಲೆಯನ್ನು ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರಕ್ಕೆ ಸುತ್ತಿ ನಿಲ್ಲಿಸಿ. ಎಲೆ ತುಂಬಿ ತುಳಿಯಿರಿ. ಒಂದೊಂದು ಅಡಿಗೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಬೆರೆಸಿದ ನೀರು ಚಿಮುಕಿಸಿ. ವಾರಕ್ಕೊಮ್ಮೆ ತೇವ ನೋಡಿ. ಎಲೆ ಕುಗ್ಗುತ್ತಾ ಹೋಗುತ್ತದೆ, ಮೇಲೆ ಹೊಸದು ತುಂಬುತ್ತಾ ಹೋಗಿ. ಕೆಲವು ತಿಂಗಳಲ್ಲಿ ತಳದಿಂದ ಕಪ್ಪು ಗೊಬ್ಬರ ತೆಗೆಯಬಹುದು. ಅನ್ನ, ಸಾರು ಹಾಕಬೇಡಿ, ಇಲಿ ಬರುತ್ತದೆ.

*ಕಟ್ಟಡದ ಅವಶೇಷ.* ಇದು ನಿಜಕ್ಕೂ ಕಷ್ಟದ ಕೇಸು. ರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ಸುರಿದು ಹೋಗುತ್ತಾರೆ. ಪೌರಕಾರ್ಮಿಕರ ಕೈಲಿ ಎತ್ತಿಸುವ ಕೆಲಸವಲ್ಲ. ಬೆಂಗಳೂರಿನಲ್ಲಾದರೆ ಪಾಲಿಕೆಯ 1533 ಸಹಾಯವಾಣಿಗೆ ದೂರು ಕೊಟ್ಟು ನಂಬರ್ ಇಟ್ಟುಕೊಳ್ಳಿ, ಬಿಡದೆ ಕೇಳುತ್ತಿರಿ. ಇದು ಹೋಗುವ ತನಕ ಶುಚಿ ಮಾಡುವ ದಿನ ಗೊತ್ತು ಮಾಡಬೇಡಿ. ಒಡೆದ ಇಟ್ಟಿಗೆ ಇರುವ ಜಾಗದಲ್ಲಿ ಕವರ್ ಎಸೆಯಲು ಯಾರಿಗೂ ಸಂಕೋಚ ಆಗುವುದಿಲ್ಲ.

4. ಎತ್ತುವ ದಿನ

ಮೇಸ್ತ್ರಿಗೆ ಎರಡು ದಿನ ಮೊದಲೇ ತಿಳಿಸಿ, ಅದೇ ಬೆಳಗ್ಗೆ ಗಾಡಿ ಬರುವಂತೆ ಮಾಡಿ. ಎತ್ತಿದ ಚೀಲಗಳು ಮಧ್ಯಾಹ್ನದ ತನಕ ಅಲ್ಲೇ ಉಳಿದರೆ ಎಲ್ಲಾ ಹಾಳು. ಬೇಕಾಗುವುದು ಇಷ್ಟು: ದಪ್ಪ ಕೈಗವಸು, ಸಲಿಕೆ, ಬಾಂಡ್ಲಿ, ಗಟ್ಟಿ ಪೊರಕೆ, ಗೋಣಿಚೀಲ, ಮಾಸ್ಕ್. ಶೂ ಕಡ್ಡಾಯ, ಚಪ್ಪಲಿಯಲ್ಲಿ ಬಂದವರಿಗೆ ಬಣ್ಣ ಹಚ್ಚುವ ಕೆಲಸ ಕೊಡಿ. ಗಾಜು, ಸೂಜಿ ಇರುತ್ತವೆ, ಮಕ್ಕಳನ್ನು ರಾಶಿಯ ಹತ್ತಿರ ಬಿಡಬೇಡಿ. ಎತ್ತುವಾಗಲೇ ಸಾಧ್ಯವಾದಷ್ಟು ಬೇರೆ ಮಾಡಿ.

ಕಸ ಹೋದ ಮೇಲೆ ಜಾಗ ಖಾಲಿ ಬಿಡಬೇಡಿ. ನೆಲ ಸಮ ಮಾಡಿ, ಒಡೆದ ಚಪ್ಪಡಿ ಸರಿಮಾಡಿ, ಗೋಡೆಗೆ ಬಣ್ಣ ಹಚ್ಚಿ. ಬೆಂಗಳೂರಿನಲ್ಲಿ 2010ರಿಂದ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪು, ತಾವು ಯಾರೆಂದು ಹೇಳಿಕೊಳ್ಳದೆ, ಇಂಥ ಮೂಲೆಗಳನ್ನು ಸರಿಮಾಡುತ್ತಾ ಬಂದಿದೆ. ಗೋಡೆಯ ಕೆಳಭಾಗಕ್ಕೆ ಅವರು ಹಚ್ಚುವ ಇಟ್ಟಿಗೆ ಕೆಂಪು ಬಣ್ಣ ಸುಮ್ನೆ ಅಂದಕ್ಕಲ್ಲ, ಧೂಳು ಮತ್ತು ಉಗುಳಿನ ಕಲೆ ಅದರ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಹೂಕುಂಡ ಇಡುವುದಾದರೆ ಎತ್ತಲಾಗದಷ್ಟು ಭಾರದ್ದು ಇಡಿ, ನೀರು ಹಾಕುವವರ ಹೆಸರನ್ನೂ ಆಗಲೇ ಗೊತ್ತು ಮಾಡಿ. ಒಣಗಿದ ಗಿಡದ ಕುಂಡ ತೊಟ್ಟಿಯಾಗಲು ಹೆಚ್ಚು ದಿನ ಬೇಡ.

ಕುಂಡಕ್ಕಿಂತ ಮನುಷ್ಯರು ಒಳ್ಳೆಯ ಕಾವಲು. ಹೂ ಮಾರುವ ಅಮ್ಮ ಅಲ್ಲಿ ಕೂರಲು ಒಪ್ಪಿದರೆ, ಹಿರಿಯರಿಗೆ ಒಂದು ಕಲ್ಲುಬೆಂಚು ಹಾಕಿದರೆ ಅಷ್ಟೇ ಸಾಕು. ದೇವರ ಚಿತ್ರದ ಟೈಲ್ಸ್ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಜನ ಕೈ ಮುಗಿದು, ಕಸವನ್ನು ಎರಡು ಹೆಜ್ಜೆ ಪಕ್ಕದಲ್ಲಿ ಹಾಕುತ್ತಾರೆ.

5. ಆಮೇಲಿನ ಮೂರು ವಾರ

ಗೆಲುವು ಸೋಲು ಇಲ್ಲಿದೆ. ಮೊದಲ ಕವರ್ ಬಿದ್ದ ಕೂಡಲೇ ಎತ್ತಬೇಕು, ಅದು ಕಂಡರೆ ಎರಡನೆಯದು ಬರುತ್ತದೆ. ಬೆಳಗ್ಗೆ ಇಬ್ಬರು, ರಾತ್ರಿ ಇಬ್ಬರು ಸರದಿ ಹಾಕಿಕೊಳ್ಳಿ. ಕಸ ಹಾಕಲು ಬಂದವರನ್ನು ಕಂಡರೆ ಬೈಯಬೇಡಿ. ‘ಅಣ್ಣಾ, ಗಾಡಿ ಸಿಗಲಿಲ್ವಾ? ಇಲ್ಲಿ ಕೊಡಿ, ನಾಳೆ ನಮ್ಮ ಬಕೆಟ್ ಜೊತೆ ಕಳಿಸ್ತೀನಿ’ ಅನ್ನಿ. ಎರಡನೇ ಸಲ ಬರುವಾಗ ಅವರಿಗೇ ಮುಜುಗರ ಆಗುತ್ತದೆ. ಬೈದರೆ ರಾತ್ರಿ ಹನ್ನೊಂದಕ್ಕೆ ಬಂದು ಹಾಕಿ ಹೋಗುತ್ತಾರೆ, ಆಗ ಅವರನ್ನು ಮಾತಾಡಿಸಲು ಯಾರೂ ಇರುವುದಿಲ್ಲ.

2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಅಧಿಕಾರಿಗಳು ‘ಕಸ ಸುರಿಯುವ ಹಬ್ಬ’ ಅಂತ ಮಾಡಿ, ಬೀದಿಗೆ ಎಸೆದವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕಿದರು. ಸುದ್ದಿಯೂ ಆಯಿತು, ಭಯವೂ ಹುಟ್ಟಿತು. ಅಧಿಕಾರ ಇರುವವರು ಮಾಡಿದ್ದು ಅದು. ದಿನಾ ಮುಖ ನೋಡಿಕೊಂಡು ಬದುಕಬೇಕಾದ ನೆರೆಹೊರೆಯವರು ಅದನ್ನು ಅನುಕರಿಸಿದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾದೀತು. ತುಂಬಾ ಹೇಳಿದರೂ ಕೇಳದ ಒಬ್ಬಿಬ್ಬರ ವಿಷಯ ಕಸ ಎಸೆದವರಿಗೆ ದಂಡ ಹಾಕುವ ಮಾರ್ಷಲ್‌ಗಳಿಗೆ ಬಿಡಿ.

6. ಯಾವಾಗ ಮತ್ತೆ ಶುರುವಾಗುತ್ತದೆ?

ಟಿಪ್ಪರ್ ಡ್ರೈವರ್ ಬದಲಾದಾಗ ಸಮಯವೂ ಬದಲಾಗುತ್ತದೆ. ಹೊಸ ಡ್ರೈವರ್ ನಂಬರನ್ನು ಅದೇ ದಿನ ಗ್ರೂಪಿಗೆ ಹಾಕಿ. ಶಾಲೆ ಶುರುವಾಗುವ ಹೊತ್ತಿಗೆ ಬಾಡಿಗೆ ಮನೆಗಳಿಗೆ ಹೊಸಬರು ಬರುತ್ತಾರೆ. ಹಾಲು ಉಕ್ಕಿಸುವ ದಿನವೇ ಹೋಗಿ ಗಾಡಿ ಎಷ್ಟು ಗಂಟೆಗೆ, ಒಣ ಕಸ ಯಾವ ದಿನ ಅಂತ ಹೇಳಿ ಬನ್ನಿ. ಹಳ್ಳಿ ಕಡೆಯವರಿಗೂ ಇದೇ ಕ್ರಮ. ಅಲ್ಲಿ ಮೇಸ್ತ್ರಿ ಬದಲು ಗ್ರಾಮ ಪಂಚಾಯ್ತಿ, ಟಿಪ್ಪರ್ ಬದಲು ಸ್ವಚ್ಛ ವಾಹಿನಿ. ಎಷ್ಟೋ ಕಡೆ ಅದನ್ನು ಓಡಿಸುವವರು ಊರಿನ ಹೆಣ್ಣುಮಕ್ಕಳೇ, ಮಾತಾಡುವುದು ಇನ್ನೂ ಸುಲಭ.

ಎಲ್ಲಕ್ಕಿಂತ ಕಷ್ಟದ ದಿನ ಆಯುಧಪೂಜೆಯ ಮಾರನೆ ಬೆಳಗ್ಗೆ. ಒಡೆದ ಬೂದುಗುಂಬಳಕಾಯಿ, ಬಾಳೆಕಂದು, ಮಾವಿನ ಸೊಪ್ಪು, ಹೂವು ಒಟ್ಟಿಗೇ ಬೀದಿಗೆ ಬರುತ್ತವೆ. ಮಾಮೂಲಿ ಗಾಡಿಗೆ ಅದು ಹಿಡಿಸುವುದಿಲ್ಲ. ಹೆಚ್ಚುವರಿ ಗಾಡಿ ಬೇಕೆಂದು ವಾರ ಮೊದಲೇ ಮೇಸ್ತ್ರಿಗೆ ಹೇಳಿ. ಬಾಳೆಕಂದನ್ನು ಅಡಿಯುದ್ದಕ್ಕೆ ಕತ್ತರಿಸಿ, ಸಣ್ಣದಾಗಿ ಹೆಚ್ಚಲಾದರೆ ಎಲೆಗೂಡಿಗೇ ಹಾಕಿ. ಕುಂಬಳಕಾಯಿಯ ಚೂರು ಗಾಡಿ ಬರುವ ತನಕ ನಿಮ್ಮ ಗೇಟಿನ ಒಳಗೇ ಇರಲಿ.