ಮೊದಲ ಕಿಲೋಮೀಟರಿನಲ್ಲಿ ಕೈ ಬಿಗಿಹಿಡಿದೆ, ಕೊನೆಯದರಲ್ಲಿ ಗೆದ್ದೆ: ನನ್ನ ಪರ್ಸ್ಯೂಟ್ ಅನುಭವ

ನಲವತ್ತು ದಾಟಿದ ಮೇಲೆ, ಬಯಲು ಕಾಂಕ್ರೀಟ್ ಟ್ರ್ಯಾಕಿನಲ್ಲಿ, ಮೂರು ಕಿ.ಮೀ. ಪರ್ಸ್ಯೂಟನ್ನು (ಟ್ರ್ಯಾಕಿನ ಎದುರುಬದುರು ಕಡೆಯಿಂದ ಇಬ್ಬರು ಒಟ್ಟಿಗೆ ಹೊರಡುವ ಸೈಕಲ್ ಸ್ಪರ್ಧೆ) 4:03 ನಿಮಿಷಕ್ಕೆ ಮುಗಿಸಿದ್ದೇನೆ. ಹೋದ ವರ್ಷದ ತನಕ 4:12ರಿಂದ ಕೆಳಗೆ ಇಳಿದವನಲ್ಲ. ಸೈಕಲ್ ಹಳೆಯದೇ, ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯ ಶಿಫ್ಟೂ ಹಳೆಯದೇ. ಬದಲಾದದ್ದು ವೇಗವನ್ನು ಹಂಚಿದ ರೀತಿ. ಬಾಲೇವಾಡಿಯ ಟ್ರ್ಯಾಕಿನಲ್ಲಿ ನಸುಕಿಗೆ ಕೂಡುವ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರ ಕಡೆಯ ನಮ್ಮ ಮಂದಿ ಇದನ್ನು ಕೇಳಿ ನಕ್ಕಿದ್ದರು. ಈಗ ಅವರೇ ಒಬ್ಬೊಬ್ಬರಾಗಿ ಬಂದು ಶೆಡ್ಯೂಲ್, ಅಂದರೆ ಎಲ್ಲಿಗೆ ಎಷ್ಟು ಸಮಯ ಎಂಬ ಪಟ್ಟಿ, ಕೇಳುತ್ತಿದ್ದಾರೆ. ಹತ್ತು ಸಲ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಲೇಸು.

ಹಳೆಯ ಓಟದ ಲೆಕ್ಕ ಹೆಚ್ಚುಕಡಿಮೆ ಹೀಗಿತ್ತು: ಮೊದಲ ಕಿ.ಮೀ. 1:19, ಎರಡನೆಯದು 1:23, ಮೂರನೆಯದು 1:30. ನಿಂತಲ್ಲಿಂದ ಹೊರಡುವುದಕ್ಕೇ ಐದಾರು ಸೆಕೆಂಡ್ ಹೋಗುತ್ತದೆ. ಅಷ್ಟಾಗಿಯೂ 1:19 ಎಂದರೆ ಆ ಸುತ್ತುಗಳಲ್ಲಿ ಗಂಟೆಗೆ 48 ಕಿ.ಮೀ. ಮೇಲೆ ಓಡುತ್ತಿದ್ದೆ ಎಂದಾಯಿತು. ನನ್ನ ಕಾಲಿಗೆ ನಾಲ್ಕು ನಿಮಿಷ ತಡೆಯುವ ವೇಗ 45. ಗಾಳಿಯ ಲೆಕ್ಕ ನಿಮಗೆ ಗೊತ್ತೇ ಇದೆ, 45ರಿಂದ 48ಕ್ಕೆ ಹೋಗಲು ಐದನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಮೊದಲ ಹತ್ತು ಸೆಕೆಂಡಿನ ಜೋರು ಪುಕ್ಕಟೆ. ಆಮೇಲಿನ ಅರ್ಧ ನಿಮಿಷದ ಜೋರು ಮೀಟರ್ ಬಡ್ಡಿ ಸಾಲ, ಕೊನೆಯ ಕಿಲೋಮೀಟರಿನಲ್ಲಿ ವಸೂಲಿಗೆ ಬಂದು ನಿಲ್ಲುತ್ತದೆ.

ಇದನ್ನು ಹೇಳಿದಾಗ ನಮ್ಮ ಗುಂಪಿನ ಹಿರಿಯರು, ನಾವೆಲ್ಲ ಕಾಕಾ ಅನ್ನುವವರು, ಮುಖಕ್ಕೇ ಹೇಳಿದರು: "ಎದುರಿನಾಂವ ಮೊದಲನೇ ಸುತ್ತಿನ್ಯಾಗ ಎರಡು ಸೆಕೆಂಡ್ ಮುಂದ ಹ್ವಾದ್ರ ನಿನ್ನ ಎದಿ ಒಡೀತದ ತಮ್ಮಾ. ಗಣಿತ ಪಾಟಿ ಮ್ಯಾಲ ಮಾಡು, ಟ್ರ್ಯಾಕ್ ಮ್ಯಾಲ ಬ್ಯಾಡ." ಕಾಕಾ ಸುಮ್ಮನೆ ಹೇಳುವವರಲ್ಲ. ಫೈನಲ್ಲಿನಲ್ಲಿ ಹಿಂದಿನಿಂದ ಬಂದು ಹಿಡಿದರೆ ಅಲ್ಲಿಗೆ ಓಟವೇ ಮುಗಿಯುತ್ತದೆ, ಆ ಭಯ ಸುಳ್ಳಲ್ಲ. ಆದರೆ ನಮ್ಮಂಥವರಿಗೆ ಫೈನಲ್ ತಲುಪುವುದೇ ದೊಡ್ಡ ಮಾತು, ಅರ್ಹತಾ ಸುತ್ತಿನಲ್ಲಿ ಎಣಿಕೆಗೆ ಬರುವುದು ಗಡಿಯಾರ ಮಾತ್ರ. ಎದುರಿನವನ ಕಡೆ ಕಣ್ಣೆತ್ತುವ ಅಗತ್ಯವೇ ಇಲ್ಲ.

ದುಡ್ಡು ಹೋದ ಕಥೆ ಮೊದಲು ಹೇಳುತ್ತೇನೆ. ಶಕ್ತಿ ಅಳೆಯದೆ ಹಂಚುವುದು ಹೇಗೆ ಎಂದುಕೊಂಡು ತುಳಿತದ ಶಕ್ತಿಯನ್ನು ವ್ಯಾಟಿನಲ್ಲಿ ತೋರಿಸುವ ಸೆಕೆಂಡ್ ಹ್ಯಾಂಡ್ ಪವರ್ ಮೀಟರ್ ಕ್ರ್ಯಾಂಕ್ (ಪೆಡಲ್ ತೋಳು) ತಂದೆ, ಸುಮಾರು ಮೂವತ್ತೆರಡು ಸಾವಿರ. ಮಾರಿದವನು "ಎರಡೇ ತಿಂಗಳು ವಾಪರಿಸಿದ್ದು" ಅಂದಿದ್ದ. ಬಿಸಿಲೇರಿದಂತೆ ಅದರ ವ್ಯಾಟೂ ಏರುತ್ತಿತ್ತು. ಬೆಳಿಗ್ಗೆ ಆರಕ್ಕೆ 300 ತೋರಿಸಿದ ತುಳಿತ ಒಂಬತ್ತಕ್ಕೆ 340. ಸೊನ್ನೆಗೆ ತಂದು ನೋಡಿದೆ, ಬ್ಯಾಟರಿ ಬದಲಿಸಿದೆ, ಕೊನೆಗೆ ಹದಿನೆಂಟು ಸಾವಿರಕ್ಕೆ ಕೊಟ್ಟು ಕೈ ತೊಳೆದುಕೊಂಡೆ, ಕೊಂಡವನಿಗೆ ರೋಗ ಹೇಳಿಯೇ ಕೊಟ್ಟೆ. ಹೇಗೂ ಸ್ಪರ್ಧೆಯಲ್ಲಿ ಅಂಕಿ ಕಣ್ಣಿಗೆ ಕಾಣುವಂತೆ ಕಟ್ಟಿಕೊಳ್ಳಲು ಬಿಡುವುದಿಲ್ಲ.

ಆಮೇಲೆ ಬೀಪ್. ಮೊಬೈಲಿನಲ್ಲಿ ಅರ್ಧ ಸುತ್ತಿಗೊಂದು ಬೀಪ್ ಹಾಕಿ, ಜೆರ್ಸಿಯ ಬೆನ್ನಿಗೆ ಸಿಕ್ಕಿಸಿ, ಬೀಪ್ ಬರುವ ಹೊತ್ತಿಗೆ ನೇರ ದಾರಿಯ ನಡುಗೆರೆ ದಾಟಬೇಕು. ಛಾವಣಿ ಇರುವ ಟ್ರ್ಯಾಕಿನವರು ಇದನ್ನು ಹೊಗಳುತ್ತಾರೆ. ನಮ್ಮ ಬಯಲಿನಲ್ಲಿ ಇದು ಕೊಲ್ಲುತ್ತದೆ. ಒಂದು ನೇರದಲ್ಲಿ ಗಾಳಿ ಎದೆಗೆ, ಇನ್ನೊಂದರಲ್ಲಿ ಬೆನ್ನಿಗೆ. ಬೀಪಿಗೆ ಗಾಳಿ ತಿಳಿಯದು, ಎರಡೂ ಕಡೆ ಒಂದೇ ಸಮಯ ಕೇಳುತ್ತದೆ. ಎದುರುಗಾಳಿಯಲ್ಲಿ ಅದನ್ನು ಮುಟ್ಟಲು ಹೋಗಿ ತೊಡೆ ಸುಡುತ್ತಿತ್ತು, ಹಿಂದುಗಾಳಿಯಲ್ಲಿ ಅದಕ್ಕಾಗಿ ಕಾಯುತ್ತ ಕಾಲು ಬಿಡುತ್ತಿದ್ದೆ. ಚಕ್ರದ ಜತೆ ಪೆಡಲೂ ಸದಾ ತಿರುಗುವ ಫಿಕ್ಸೆಡ್ ಗೇರಿನಲ್ಲಿ ಕಾಲು ಬಿಟ್ಟು ಮತ್ತೆ ಎತ್ತುವುದು ಎಷ್ಟು ದುಬಾರಿ ಎಂದು ಹೇಳಬೇಕಿಲ್ಲ. ಒಂದು ಮಳೆಗಾಲದ ಮೊದಲಿನ ತಿಂಗಳುಗಳೆಲ್ಲ ಇದರಲ್ಲೇ ಹೋದವು.

ಕೊನೆಗೆ ಹಿಡಿದದ್ದು ಹಳೇ ದಾರಿ: ಗೆರೆಯ ಹತ್ತಿರ ಒಬ್ಬರು ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು, ಶೆಡ್ಯೂಲಿಗಿಂತ ಮುಂದಿದ್ದರೆ ಗೆರೆ ದಾಟಿ ಮುಂದೆ, ಹಿಂದಿದ್ದರೆ ಹಿಂದೆ. ಆದರೆ ನಮ್ಮಲ್ಲಿ ಎರಡು ಬದಲಾವಣೆ. ಒಂದು, ಪೂರ್ತಿ ಸುತ್ತಿಗೆ ಮಾತ್ರ ಲೆಕ್ಕ, ಅರ್ಧ ಸುತ್ತು ನೋಡುವಂತೆಯೇ ಇಲ್ಲ. ಗಾಳಿ ಇರುವ ದಿನ ಅರ್ಧಕ್ಕೂ ಅರ್ಧಕ್ಕೂ ಒಂದು ಸೆಕೆಂಡ್ ವ್ಯತ್ಯಾಸ ಬಂದೇ ಬರುತ್ತದೆ, ಅದನ್ನು ಸರಿಮಾಡಲು ಹೋಗಬಾರದು. ಎದುರುಗಾಳಿಯಲ್ಲಿ ಕೂದಲೆಳೆಯಷ್ಟು ಹೆಚ್ಚು ಒತ್ತಿ, ವೇಗ ಬಿದ್ದರೆ ಬೀಳಲಿ. ಹಿಂದುಗಾಳಿಯಲ್ಲಿ ಅಷ್ಟೇ ಸಡಿಲಿಸಿ, ವೇಗ ತಾನೇ ಬರುತ್ತದೆ. ತಿರುವಿನಲ್ಲಿ ಕಾಲಿನ ಲಯ ಚುರುಕಾಗುವುದಕ್ಕೂ ಮರುಳಾಗಬೇಡಿ. ಮೈ ಒಳಕ್ಕೆ ವಾಲಿರುತ್ತದೆ, ಚಕ್ರ ಹೊರಗಿನ ದಾರಿ ಓಡುತ್ತದೆ, ಅಷ್ಟೇ.

ಎರಡನೆಯ ಬದಲಾವಣೆ ನನ್ನ ಹೆಂಡತಿಯದು. ಗೆರೆಯ ಹತ್ತಿರ ನಿಲ್ಲುವವಳು ಅವಳೇ. ಬ್ಯಾಂಕಿನ ಕೆಲಸ, ಅಂಕಿ ತಪ್ಪುವುದಿಲ್ಲ. ಕೆಲವು ವಾರ ನೋಡಿ ಹೇಳಿದಳು: "ರೀ, ನಾ ಹಿಂದ ನಿಂತ ಕೂಡ್ಲೆ ನೀವು ಹುಚ್ಚರಂಗ ತುಳೀತೀರಿ. ಮೊದಲ ಒಂದು ಕಿಲೋಮೀಟರ್ ನಾ ಕಾಣ್ಸಂಗೇ ಇಲ್ಲ." ಅವತ್ತಿನಿಂದ ಮೊದಲ ಕಿಲೋಮೀಟರಿಗೆ ಯಾವ ಸನ್ನೆಯೂ ಇಲ್ಲ. ನಾನು ಲಯದ ಮೇಲೆ ಓಡುತ್ತೇನೆ, ಎರಡನೆಯದು ಶುರುವಾದ ಮೇಲೆ ಅವಳು ಕಾಣಿಸಿಕೊಳ್ಳುತ್ತಾಳೆ. ಅರ್ಧ ಸೆಕೆಂಡಿನ ಒಳಗಿನ ವ್ಯತ್ಯಾಸಕ್ಕೆ ಗೆರೆ ಬಿಟ್ಟು ಕದಲುವುದಿಲ್ಲ. ಈ ಎರಡು ನಿಯಮದಿಂದಲೇ ಮೂರು ನಾಲ್ಕು ಸೆಕೆಂಡ್ ಸಿಕ್ಕಿತು ಎಂಬುದು ನನ್ನ ಅಂದಾಜು.

ಈಗಿನ ಹಂಚಿಕೆ: 1:23 ಚಿಲ್ಲರೆ, 1:19 ಚಿಲ್ಲರೆ, 1:20. ಸೀಟಿನಿಂದ ಎದ್ದು ಹತ್ತು ಹನ್ನೆರಡು ಸೆಕೆಂಡ್ ಪೂರ್ತಿ ಜೋರು, ಆಮೇಲೆ ಕೂತು ಮೊಣಕೈಯನ್ನು ಹ್ಯಾಂಡಲ್‌ಬಾರಿಗೆ ತಂದು ತಕ್ಷಣ ವೇಗವನ್ನು ಬಿಗಿ ಹಿಡಿಯುವುದು. ಕಾಲು ಹಗುರ, ಉಸಿರು ಸುಲಭ, "ಇನ್ನಷ್ಟು ಹೋಗು" ಎಂದು ಮೈ ಬೇಡುವ ಹೊತ್ತು ಅದು. ಅಲ್ಲಿ ಕೈ ಬಿಗಿ ಹಿಡಿಯುವುದನ್ನು ಕಲಿಯಲು ಒಂದು ಕಿ.ಮೀ. ಓಡಿ ನಿಲ್ಲಿಸುವ ಅಭ್ಯಾಸವನ್ನೇ ವಾರವಾರ ಮಾಡಿದೆ. ಕೊನೆಯ ಕಿಲೋಮೀಟರಿಗೆ ಬೇರೆ ಅಭ್ಯಾಸ: ಎರಡು ನಿಮಿಷ ಚೆನ್ನಾಗಿ ದಣಿದು, ನಿಲ್ಲದೆ ಅದೇ ಲಯದಲ್ಲಿ ಒಂದು ಕಿ.ಮೀ. ಅದರಲ್ಲಿ ಉಸಿರಿನ ಒಂದು ಎಣಿಕೆ ಇಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎದುರಾಳಿಗಳೂ ಇದನ್ನು ಓದುತ್ತಾರೆ.

ಗೇರ್ ಬಗ್ಗೆಯೂ ಎಲ್ಲ ಹೇಳಲಾರೆ. 51-15ರಲ್ಲಿ (ಮುಂದಿನ ಚೈನ್‌ರಿಂಗಿಗೆ 51 ಹಲ್ಲು, ಹಿಂದಿನ ಕಾಗಿಗೆ 15) ಶುರುಮಾಡಿದೆ, 45ರ ವೇಗಕ್ಕೆ ಪೆಡಲ್ ನಿಮಿಷಕ್ಕೆ ನೂರೈದರ ಆಸುಪಾಸು ಸುತ್ತು. ಈಗಿನವರೆಲ್ಲ ದೊಡ್ಡ ಗೇರ್ ಅನ್ನುತ್ತಾರೆಂದು 53-14 ಹಾಕಿ ನೋಡಿದೆ. ಹೊರಡುವಾಗಲೇ ಎರಡು ಸೆಕೆಂಡ್ ಹೋಯಿತು, ಎದುರುಗಾಳಿಯಲ್ಲಿ ಪೆಡಲ್ ಕೆಸರಿನಲ್ಲಿ ಹೂತಂತಾಯಿತು. ಈಗ ಎರಡರ ನಡುವೆ ಎಲ್ಲೋ ಇದ್ದೇನೆ. ಚೈನ್‌ರಿಂಗ್, ಕಾಗ್ ಎಂದು ಹನ್ನೆರಡು ಹದಿಮೂರು ಸಾವಿರ ಕರಗಿದೆ, ಹೆಂಡತಿಯ ಪುಸ್ತಕದಲ್ಲಿ ಪೈಸೆ ಸಮೇತ ಇದೆ.

ನಡುವೆ ಮಾಡಿದ ಮಂಗಾಟ ಕೆಲವಿವೆ. ಬೀಟ್‌ರೂಟ್ ರಸ ಎರಡು ವಾರ ಕುಡಿದೆ, ಗಡಿಯಾರಕ್ಕೆ ಏನೂ ಗೊತ್ತಾಗಲಿಲ್ಲ. ಬಿಸಿ ಗಾಳಿ ತೆಳು ಎಂಬುದು ನಿಜ. 38 ಡಿಗ್ರಿಯ ಗಾಳಿ 15 ಡಿಗ್ರಿಯದಕ್ಕಿಂತ ಶೇಕಡಾ ಏಳರಷ್ಟು ಹಗುರ. ಆ ಆಸೆಗೆ ಮೇ ತಿಂಗಳಲ್ಲಿ ಹನ್ನೊಂದು ಗಂಟೆಗೆ ಟ್ರ್ಯಾಕಿಗಿಳಿದೆ. ಮೊದಲೆರಡು ಕಿ.ಮೀ. ಹಾರಿದಂತೆ ಹೋಯಿತು, ಮೂರನೆಯದರಲ್ಲಿ ತಲೆ ತಿರುಗಿತು. ಅದು ಕಾಲು ಗಂಟೆಯೊಳಗೆ ನೆರಳಿಗೆ ಮರಳಬಲ್ಲವರ ಆಟ. 2021ರಲ್ಲಿ ಅಮೆರಿಕದ ಸೈಕಲ್ ಓಟಗಾರ ಆಶ್ಟನ್ ಲ್ಯಾಂಬಿ ನಾಲ್ಕು ಕಿ.ಮೀ. ಪರ್ಸ್ಯೂಟನ್ನು 3:59.930ಕ್ಕೆ ಮುಗಿಸಿ ಮೊದಲ ಬಾರಿ ನಾಲ್ಕು ನಿಮಿಷದ ಕೆಳಗೆ ಇಳಿದದ್ದು ಮೆಕ್ಸಿಕೋದ ಎತ್ತರದ ಆಗ್ವಾಸ್‌ಕಾಲಿಯೆಂತೆಸ್‌ನಲ್ಲಿ. ಎತ್ತರದಲ್ಲೂ ಗಾಳಿ ತೆಳು, ಅದರ ಬೆಲೆ ಅವರಿಗೆ ಗೊತ್ತು. ಪುಣೆಯ ಎತ್ತರ 560 ಮೀಟರ್ ಅಷ್ಟೇ, ಮುಂಬೈಯವರನ್ನು ರೇಗಿಸಲು ಸಾಕು.

ಮೈಗಂಟಿದ ಓಟದ ಉಡುಪು ಸ್ಕಿನ್‌ಸೂಟಿಗೆ ಪಿಂಪ್ರಿಯ ಟೇಲರ್ ಒಬ್ಬರ ಹತ್ತಿರ ಹೋದೆ, ಸಾವಿರದ ನಾನೂರು ರೂಪಾಯಿ, ಎರಡನೇ ಸಲಕ್ಕೆ ಭುಜ ಸುಕ್ಕಿಲ್ಲದೆ ಬಂತು. ಪರೀಕ್ಷೆ ಮಾಡಿದ್ದು ರೋಡ್ ಸೈಕಲಿನ ಮೇಲೆ, ಸೂಸ್ ಕಡೆಯ ಇಳಿಜಾರಿನಲ್ಲಿ ಪೆಡಲ್ ತುಳಿಯದೆ. ಸಡಿಲ ಅಂಗಿಗಿಂತ ಎರಡು ಕರೆಂಟ್ ಕಂಬ ಮುಂದೆ ಹೋಗಿ ನಿಂತೆ. ಇದನ್ನು ವಿಜ್ಞಾನ ಅನ್ನಬೇಡಿ, ಆದರೆ ಮೂರು ಸಲವೂ ಹಾಗೇ ಆಯಿತು. ಇನ್ನೊಂದು, ಪುಕ್ಕಟೆ ಸಿಗುವುದು: ಟ್ರ್ಯಾಕಿನ ಉದ್ದ ಅಳೆಯುವ, ಒಳಬದಿಯ ಕಪ್ಪು ಗೆರೆ ಬಿಡಬೇಡಿ. ಒಂದಡಿ ಮೇಲೆ ಓಡಿದರೆ ಸುತ್ತಿಗೆ ಸುಮಾರು ಎರಡು ಮೀಟರ್ ಹೆಚ್ಚು. ನಮ್ಮ ಗುಂಪಿನಲ್ಲಿ ಕಾರ್ಬನ್ ಚಕ್ರಕ್ಕೆ ಲಕ್ಷ ಸುರಿದು ತಿರುವಿನಲ್ಲಿ ಎರಡಡಿ ಮೇಲೆ ಹೋಗುವವರಿದ್ದಾರೆ.

ಕಾಕಾ ಈಗಲೂ ಪೂರ್ತಿ ಒಪ್ಪಿಲ್ಲ. ಹರೆಯದ ಹುಡುಗರಿಗೆ ಈ ಹಂಚಿಕೆ ಅಂಜುಬುರುಕತನ ಕಲಿಸುತ್ತದೆ ಅನ್ನುತ್ತಾರೆ. ಅವರ ಶಿಷ್ಯನೊಬ್ಬನಿಗೆ ಕದ್ದು ಮಾಡಿಸಿದೆ, ಐದು ಸೆಕೆಂಡ್ ಇಳಿಸಿಕೊಂಡ. ದಿಲ್ಲಿಯ 250 ಮೀಟರಿನ ಮರದ ಟ್ರ್ಯಾಕಿಗೆ ಹೋಗುವವರು ಮಾತ್ರ ನನ್ನ ಗಾಳಿಯ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ, ಛಾವಣಿಯ ಕೆಳಗೆ ಅರ್ಧ ಸುತ್ತಿನ ಲೆಕ್ಕವೇ ಸರಿ.

ಮುಂದಿನ ಗುರಿ ನಾಲ್ಕು ನಿಮಿಷ. ಹಂಚಿಕೆಯಿಂದ ಇನ್ನು ಅರ್ಧ ಸೆಕೆಂಡ್ ಹಿಂಡಬಹುದು, ಹೆಚ್ಚಿಲ್ಲ. ಉಳಿದದ್ದು ಕಾಲು ಮತ್ತು ಏರೋ ಹೆಲ್ಮೆಟ್ ಕೊಡಬೇಕು. ಪುಣೆ ಪಿಂಪ್ರಿ ಕಡೆ ಯಾರಾದರೂ ಹಳೆಯದು ಮಾರುವವರಿದ್ದರೆ ತಿಳಿಸಿ. ಅಳತೆ ಮೀಡಿಯಂ, ಎಂಟು ಸಾವಿರದ ಒಳಗೆ.